ಪ್ಯಾಕೆಟ್ ಒಡೆಯದೆ ಕಾರ್ಡ್ ಆಟ: ನಾಲ್ಕು ಜನಕ್ಕೆ ಒಂದು ಡಬ್ಬಿ

ಮ್ಯಾಜಿಕ್, ಪೋಕೆಮಾನ್, ಯು-ಗಿ-ಓ ಥರದ ಕಾರ್ಡ್ ಆಟಗಳಲ್ಲಿ ಕೈ ಸುಡುವುದು ಒಳಗೆ ಯಾವ ಕಾರ್ಡಿದೆಯೋ ಗೊತ್ತಿಲ್ಲದ ಪ್ಯಾಕೆಟ್ ಒಡೆಯುವ ಚಟದಿಂದ. ಆಟದ ಖರ್ಚು ಬೇರೆ, ಚಟದ ಖರ್ಚು ಬೇರೆ. ಎರಡನ್ನೂ ಒಂದೇ ಪುಟದಲ್ಲಿ ಬರೆದರೆ ‘ಇದು ದುಡ್ಡಿದ್ದವರ ಆಟ’ ಅಂತ ಕಾಣುತ್ತದೆ. ಬೇರೆ ಬೇರೆ ಬರೆದು ನೋಡಿ: ನಾಲ್ಕು ಜನ ಸೇರಿ ಒಂದು ಮಳೆಗಾಲ ಪೂರ್ತಿ ಆಡುವಷ್ಟು ಸಾಮಾನಿಗೆ ತಲೆಗೆ ಕೆಲವು ನೂರು ರೂಪಾಯಿ ಸಾಕಾಗುತ್ತದೆ.

ಪ್ಯಾಕೆಟ್ ಯಾಕೆ ಬೇಡ ಅನ್ನುವುದಕ್ಕೆ ಸಣ್ಣ ಲೆಕ್ಕ. ಮ್ಯಾಜಿಕ್‌ನಲ್ಲಿ ಕನಿಷ್ಠ 60 ಕಾರ್ಡಿನ ಡೆಕ್ (ಒಬ್ಬರು ಆಡುವ ಕಟ್ಟು), ಬೇಸಿಕ್ ಲ್ಯಾಂಡ್ ಅನ್ನುವ ಶಕ್ತಿಯ ಕಾರ್ಡು ಬಿಟ್ಟು ಒಂದೇ ಹೆಸರಿನ ಕಾರ್ಡು ನಾಲ್ಕರ ತನಕ ಇಟ್ಟುಕೊಳ್ಳಬಹುದು. ಒಂದು ಸೆಟ್‌ನಲ್ಲಿ 80 ಕಾಮನ್ (ಹೇರಳವಾಗಿ ಸಿಗುವ) ಕಾರ್ಡುಗಳಿವೆ, ಪ್ಯಾಕೆಟ್‌ಗೆ ಆರು ಬರುತ್ತವೆ ಅಂತ ಇಟ್ಟುಕೊಳ್ಳಿ. ನಿಮಗೆ ಬೇಕಾದ ಒಂದು ಕಾಮನ್ ಸರಾಸರಿ 13 ಪ್ಯಾಕೆಟ್‌ಗೊಮ್ಮೆ ಸಿಗುತ್ತದೆ. ನಾಲ್ಕು ಪ್ರತಿ ಬೇಕೆಂದರೆ 53 ಪ್ಯಾಕೆಟ್. ಬಿಡಿಯಾಗಿ ಕೊಂಡರೆ ಅದೇ ನಾಲ್ಕು ಕಾರ್ಡು ಒಂದು ಪ್ಯಾಕೆಟ್ಟಿನ ಬೆಲೆಯೂ ಆಗುವುದಿಲ್ಲ. ಮುದ್ರಿಸಿಕೊಂಡರೆ ಒಂದು ಕಾಫಿಯ ಬೆಲೆಯೂ ಇಲ್ಲ.

ಹಾಗಾಗಿ ಇಲ್ಲಿ ಹೇಳುವುದು ಒಂದೇ ಕ್ರಮ. ಒಬ್ಬೊಬ್ಬರೂ ತಮ್ಮ ತಮ್ಮ ಡೆಕ್ ಕಟ್ಟುವ ಬದಲು ಎಲ್ಲರೂ ಸೇರಿ ಒಂದು ಡಬ್ಬಿ ಕಟ್ಟುವುದು. ಪ್ರತಿ ಸಲ ಅದರಿಂದಲೇ ಹಂಚಿಕೊಂಡು, ಆಡಿ, ವಾಪಸ್ ಅದಕ್ಕೇ ಹಾಕುವುದು. ಈ ಆಟದವರು ಇದಕ್ಕೆ ‘ಕ್ಯೂಬ್’ ಅನ್ನುತ್ತಾರೆ. ಶಿವಮೊಗ್ಗದಂಥ ಊರಿಗೆ ಇದು ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಇಲ್ಲಿ ಎದುರಾಳಿಗಳು ಎಂದರೆ ಅದೇ ಮೂರು ಮತ್ತೊಂದು ಮುಖ. ಅವರಲ್ಲಿ ಒಬ್ಬರು ಸಾವಿರಗಟ್ಟಲೆ ಸುರಿದು ಡೆಕ್ ತಂದರೆ ಮಿಕ್ಕವರಿಗೆ ಎರಡನೇ ವಾರಕ್ಕೇ ಆಟ ಸಾಕಾಗಿಬಿಡುತ್ತದೆ.

ಯಾವ ಆಟ?

ಡಬ್ಬಿ ಕಟ್ಟಲು ಮ್ಯಾಜಿಕ್ ಒಳ್ಳೆಯದು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ ಈ ಆಟ 1993ರಲ್ಲಿ ಬಂತು. ಇಷ್ಟು ವರ್ಷದ ಕಾರ್ಡುಗಳ ರಾಶಿಯಲ್ಲಿ ಅಗ್ಗದ ಕಾಮನ್‌ಗಳಿಂದಲೇ ಒಳ್ಳೆಯ ಆಟ ಕಟ್ಟಬಹುದು. ಕಾಮನ್ ಮಾತ್ರ ಬಳಸುವ ‘ಪಾಪರ್’ ಅನ್ನುವ ಕ್ರಮಕ್ಕೆ 2019ರಲ್ಲಿ ಅಧಿಕೃತ ಮಾನ್ಯತೆಯೂ ಸಿಕ್ಕಿದೆ. ಪೋಕೆಮಾನ್ ಕಲಿಯಲು ಸುಲಭ, ಮಕ್ಕಳಿಗೆ ಗುರುತಿನ ಮುಖಗಳು. ಆದರೆ ಅದರ ಕಾರ್ಡುಗಳು ಒಂದಕ್ಕೊಂದು ಸರಪಳಿಯಂತೆ ಅಂಟಿಕೊಂಡಿರುವುದರಿಂದ (ಚಾರ್ಮ್ಯಾಂಡರ್ ಇಲ್ಲದೆ ಚಾರ್ಮೀಲಿಯನ್ ಇಟ್ಟುಕೊಂಡು ಪ್ರಯೋಜನವಿಲ್ಲ) ಹಂಚಿ ಆಡುವ ಡಬ್ಬಿಗೆ ಒಗ್ಗುವುದು ಕಷ್ಟ. ಯು-ಗಿ-ಓ ಆಡುವವರು ಸಿದ್ಧ ‘ಸ್ಟ್ರಕ್ಚರ್ ಡೆಕ್’ ಒಂದನ್ನೇ ಆರಿಸಿ ಅದರದೇ ಮೂರು ಪ್ರತಿ ಕೊಳ್ಳುವುದು ಹಳೆಯ, ಈಗಲೂ ನಡೆಯುವ ಉಪಾಯ. ಅಲ್ಲಿ ಒಂದು ಕಾರ್ಡಿನ ಮಿತಿ ಮೂರು, ಮುಖ್ಯ ಡೆಕ್ 40ರಿಂದ 60, ಪಕ್ಕದಲ್ಲಿಡುವ ವಿಶೇಷ ಕಾರ್ಡುಗಳ ‘ಎಕ್ಸ್‌ಟ್ರಾ ಡೆಕ್’ 15ರ ತನಕ. ಮೂರು ಡಬ್ಬಿಯ ಒಳ್ಳೆಯ ಕಾರ್ಡು ಒಟ್ಟು ಮಾಡಿ, ಉಳಿದದ್ದು ಪಕ್ಕಕ್ಕಿಟ್ಟರೆ ಮುಗಿಯಿತು.

ನಿಯಮ ಕಲಿಯಲು ದುಡ್ಡು ಕೊಡಬೇಡಿ. ಮ್ಯಾಜಿಕ್ ಅರೀನಾ, ಪೋಕೆಮಾನ್ ಟಿಸಿಜಿ ಲೈವ್, ಯು-ಗಿ-ಓ ಮಾಸ್ಟರ್ ಡ್ಯುಯಲ್ ಮೂರೂ ಉಚಿತ, ಮೂರರಲ್ಲೂ ಮೊದಲ ಪಾಠ ಇದೆ. ಆದರೆ ಇವಕ್ಕೆ ನೆಟ್‌ವರ್ಕ್ ಬೇಕು. ಹೊಸನಗರದ ಆಚೆ, ಕೊಪ್ಪ–ಶೃಂಗೇರಿ ಕಡೆ ಗುಡ್ಡದ ಮರೆಯ ಮನೆಗಳಲ್ಲಿ ಇರುವವರಿಗೆ ‘ಫೋರ್ಜ್’ ಅನ್ನುವ ಮುಕ್ತ ತಂತ್ರಾಂಶ ಹೆಚ್ಚು ಉಪಯೋಗ: ಒಮ್ಮೆ ಇಳಿಸಿಕೊಂಡರೆ ನೆಟ್ ಇಲ್ಲದೆಯೇ ಕಂಪ್ಯೂಟರ್ ಎದುರು ಮ್ಯಾಜಿಕ್ ಆಡಬಹುದು. ಹತ್ತು ಆಟ ಅಲ್ಲಿ ಆಡಿ ಬಂದವರಿಗೆ ಮೇಜಿನ ಮೇಲೆ ಏನೂ ವಿವರಿಸಬೇಕಾಗುವುದಿಲ್ಲ.

ಡಬ್ಬಿಯ ಲೆಕ್ಕ

ನಾಲ್ಕು ಜನಕ್ಕೆ 180 ಕಾರ್ಡು, ಅದರ ಮೇಲೆ 100 ಲ್ಯಾಂಡ್ (ಮಿಕ್ಕ ಕಾರ್ಡು ಆಡಲು ಬೇಕಾದ ಶಕ್ತಿ, ಅಂದರೆ ‘ಮಾನಾ’, ಕೊಡುವ ಕಾರ್ಡು). ಒಟ್ಟು 280. ಈ ಸಂಖ್ಯೆ ಬಂದದ್ದು ಹೀಗೆ: ಒಬ್ಬೊಬ್ಬರಿಗೆ 15ರ ಮೂರು ಕಟ್ಟು, ಅಂದರೆ 45, ನಾಲ್ಕು ಜನಕ್ಕೆ 180. ಲ್ಯಾಂಡ್ ಐದು ಬಗೆ, ಬಗೆಗೆ 20.

180ರಲ್ಲಿ ಬಿಳಿ, ನೀಲಿ, ಕಪ್ಪು, ಕೆಂಪು, ಹಸಿರು ಬಣ್ಣಕ್ಕೆ ತಲಾ 32, ಅದು 160. ಉಳಿದ 20 ಬಣ್ಣವಿಲ್ಲದ ಆರ್ಟಿಫ್ಯಾಕ್ಟ್‌ಗಳು, ಅಂದರೆ ಯಾರ ಡೆಕ್‌ಗೂ ಸೇರುವ ವಸ್ತುಗಳು. ಪ್ರತಿ ಕಾರ್ಡೂ ಒಂದೊಂದೇ ಪ್ರತಿ. ಬಣ್ಣದ 32ನ್ನು ಮನಸ್ಸಿಗೆ ಬಂದ ಹಾಗೆ ತುಂಬಬೇಡಿ. 17 ಕ್ರೀಚರ್ (ನಿಮ್ಮ ಪರ ಹೋರಾಡುವ ಪ್ರಾಣಿ), ಎದುರಿನ ಕ್ರೀಚರ್ ಕೊಲ್ಲುವ ಅಥವಾ ಕಟ್ಟಿಹಾಕುವ ಕಾರ್ಡು 7, ಮಿಕ್ಕ 8 ಬೇರೆ ಕೆಲಸದವು. ಆಡಲು ತಗಲುವ ಮಾನಾ ಬೆಲೆಯ ಪ್ರಕಾರ ನೋಡಿದರೆ ಒಂದು ಮಾನಾದವು 5, ಎರಡರವು 9, ಮೂರರವು 8, ನಾಲ್ಕರವು 5, ಐದರವು 3, ಅದಕ್ಕೂ ಮೇಲಿನವು 2. ಹೊಸದಾಗಿ ಡಬ್ಬಿ ಕಟ್ಟುವವರೆಲ್ಲ ಎಡವುವುದು ಇಲ್ಲೇ: ಆರು ಮಾನಾದ ದೊಡ್ಡ ದೊಡ್ಡ ರಾಕ್ಷಸರನ್ನೇ ಆರಿಸಿ ತುಂಬುತ್ತಾರೆ. ಆಮೇಲೆ ಮೊದಲ ಐದು ಸುತ್ತು ಯಾರೂ ಏನೂ ಮಾಡುವುದಿಲ್ಲ. ಲ್ಯಾಂಡ್ ಇಡು, ಪಾಸ್, ಲ್ಯಾಂಡ್ ಇಡು, ಪಾಸ್. ಆಟ ಚಳಿ ಹಿಡಿದ ಹಾಗಿರುತ್ತದೆ.

ಯಾವ ಕಾರ್ಡು ಹಾಕಬೇಕೆಂದು ತಲೆ ಕೆಡಿಸಿಕೊಳ್ಳುವವರು ಇವುಗಳಿಂದ ಶುರು ಮಾಡಿ, ಎಲ್ಲವೂ ಕಾಮನ್ ಆಗಿ ಬಂದಿರುವಂಥವು. ಬಿಳಿಗೆ ಜರ್ನಿ ಟು ನೋವೇರ್, ಪ್ಯಾಸಿಫಿಸಂ, ಕೋರ್ ಸ್ಕೈಫಿಶರ್. ನೀಲಿಗೆ ಕೌಂಟರ್‌ಸ್ಪೆಲ್, ಪಾಂಡರ್, ಮಲ್‌ಡ್ರಿಫ್ಟರ್, ಮ್ಯಾನ್-ಓ-ವಾರ್. ಕಪ್ಪಿಗೆ ಡೂಮ್ ಬ್ಲೇಡ್, ಗ್ರೇವ್‌ಡಿಗರ್, ಗುರ್ಮಾಗ್ ಆ್ಯಂಗ್ಲರ್. ಕೆಂಪಿಗೆ ಲೈಟ್ನಿಂಗ್ ಬೋಲ್ಟ್, ಕೆಲ್ಡನ್ ಮರಾಡರ್ಸ್. ಹಸಿರಿಗೆ ಲ್ಯಾನೊವಾರ್ ಎಲ್ವ್ಸ್, ರ‍್ಯಾಂಕರ್, ಪೆನಂಬ್ರಾ ಸ್ಪೈಡರ್. ಇವುಗಳ ಸುತ್ತ ಮಿಕ್ಕದ್ದನ್ನು ತುಂಬುತ್ತಾ ಹೋಗಿ. ಹತ್ತು ಆಟವಾದ ಮೇಲೆ ಯಾರೂ ಮುಟ್ಟದ ಕಾರ್ಡು ಯಾವುದೆಂದು ತಾನಾಗಿಯೇ ಗೊತ್ತಾಗುತ್ತದೆ. ಅದನ್ನು ತೆಗೆದು ಬೇರೆ ಹಾಕಿ. ಎಲ್ಲರೂ ಹಾತೊರೆಯುವ ಒಂದು ಕಾರ್ಡಿದ್ದು, ಅದು ಬಂದವರೇ ಪ್ರತಿ ಸಲ ಗೆಲ್ಲುತ್ತಿದ್ದರೆ ಅದನ್ನೂ ತೆಗೆಯಿರಿ.

ಕಾರ್ಡು ಮುದ್ರಿಸಿಕೊಳ್ಳುವುದು

ಸ್ವಂತ ಆಟಕ್ಕೆ, ಮಾರಾಟದ ಉದ್ದೇಶವಿಲ್ಲದೆ ಪರೀಕ್ಷಾ ಕಾರ್ಡು ಮಾಡಿಕೊಂಡು ಆಡುವುದಕ್ಕೆ ಮ್ಯಾಜಿಕ್‌ನ ಕಂಪನಿಯೇ ತಕರಾರು ತೆಗೆದಿಲ್ಲ. ಅಧಿಕೃತ ಪಂದ್ಯಗಳಲ್ಲಿ ಮಾತ್ರ ಅವು ನಡೆಯುವುದಿಲ್ಲ. ಇವನ್ನು ಪ್ರಾಕ್ಸಿ ಅನ್ನುತ್ತಾರೆ. ಅಸಲಿಯೆಂದು ನಂಬಿಸಿ ಮಾರುವುದು ಬೇರೆ, ಅದು ಮೋಸ; ಆದ್ದರಿಂದ ಪ್ರಾಕ್ಸಿಯ ಹಿಂಬದಿಯನ್ನು ಎಂದೂ ಮುದ್ರಿಸಬೇಡಿ, ಮುಂಬದಿ ಸಾಕು.

ಕಾರ್ಡಿನ ಅಳತೆ 63 × 88 ಮಿ.ಮೀ. ಎ4 ಹಾಳೆಯಲ್ಲಿ ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಒಟ್ಟು ಒಂಬತ್ತು ಕೂರುತ್ತವೆ: ಅಡ್ಡ 189, ಉದ್ದ 264, ಹಾಳೆ 210 × 297. ಸುತ್ತ ಅಂಚು ಸಾಕಷ್ಟು ಉಳಿಯುತ್ತದೆ. 180 ಕಾರ್ಡಿಗೆ ಸರಿಯಾಗಿ 20 ಹಾಳೆ. ಪುಟಕ್ಕೆ 10 ರೂಪಾಯಿ ಕಲರ್ ಪ್ರಿಂಟ್ ಎಂದಿಟ್ಟುಕೊಂಡರೆ 200 ರೂಪಾಯಿ. ಕಪ್ಪು–ಬಿಳುಪಾದರೆ ಅದರ ಒಂದು ಪಾಲು. ಚಿತ್ರ ಬೇಡ, ಆಟ ಸಾಕು ಅನ್ನುವವರು ಕಪ್ಪು–ಬಿಳುಪಲ್ಲೇ ಮಾಡಿಸಿ, ಮೇಲಂಚಿಗೆ ಬಣ್ಣದ ಸ್ಕೆಚ್ ಪೆನ್ನಿನ ಒಂದು ಗೆರೆ ಎಳೆಯಿರಿ. ಬಣ್ಣ ಗುರುತಿಸಲು ಅಷ್ಟು ಸಾಕು.

ಪಿಡಿಎಫ್ ಮಾಡಿ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಗಳಲ್ಲಿ ಮಧ್ಯಾಹ್ನ ಹೊತ್ತು ಗಲಾಟೆ ಕಡಿಮೆ. ಅಂಗಡಿಯವರಿಗೆ ಒಂದೇ ಮಾತು ಹೇಳಿ: ‘ಆ್ಯಕ್ಚುವಲ್ ಸೈಜ್, 100 ಪರ್ಸೆಂಟ್’. ಕಂಪ್ಯೂಟರ್ ತನ್ನಷ್ಟಕ್ಕೆ ಬಿಟ್ಟರೆ ‘ಫಿಟ್ ಟು ಪೇಜ್’ ಹಿಡಿದು ಎರಡು–ಮೂರು ಮಿ.ಮೀ. ಕುಗ್ಗಿಸುತ್ತದೆ, ಸ್ಲೀವ್ (ಕಾರ್ಡಿಗೆ ಹಾಕುವ ಪ್ಲಾಸ್ಟಿಕ್ ಕವರ್) ಒಳಗೆ ಕಾರ್ಡು ಕುಣಿಯಲು ಅಷ್ಟೇ ಸಾಕು. ಮೊದಲು ಒಂದೇ ಪುಟ ತೆಗೆಸಿ, ಸ್ಕೇಲ್ ಇಟ್ಟು ಒಂದು ಕಾರ್ಡು ಅಳೆಯಿರಿ. 63 ಬಂದರೆ ಮಿಕ್ಕ 19. ಲೇಸರ್ ಪ್ರಿಂಟೇ ಆಗಬೇಕು. ಇಂಕ್‌ಜೆಟ್ ಶಾಯಿ ನೀರಿಗೆ ಹರಡುವಂಥದ್ದು. ಆಷಾಢದ ಹವೆಯಲ್ಲಿ, ಬೆವರುಗೈಯಲ್ಲಿ ಎರಡು ವಾರ ಆಡಿದರೆ ಕಾರ್ಡಿನ ಮಾತೇ ಅಳಿಸಿ ಹೋಗುತ್ತದೆ. ಕತ್ತರಿಸಲು ಅಂಗಡಿಯ ಕಟಿಂಗ್ ಮೆಷಿನ್‌ಗೆ ಕೊಡಿ. ಐದೈದು ಹಾಳೆ ಒಟ್ಟಿಗೆ ಇಟ್ಟರೆ ಬಿಗಿಯಾಗಿ ಹಿಡಿದು ನೇರ ಬರುತ್ತದೆ, 20 ಹಾಳೆ ಒಮ್ಮೆಲೇ ಇಟ್ಟರೆ ಕೆಳಗಿನವು ಓರೆಯಾಗುತ್ತವೆ.

ಬರೀ ಕಾಗದ ಸ್ಲೀವ್‌ನಲ್ಲಿ ನಿಲ್ಲುವುದಿಲ್ಲ, ಹಿಂದೆ ಗಟ್ಟಿ ಏನಾದರೂ ಬೇಕು. ಅಗ್ಗದ್ದು ಇಸ್ಪೀಟ್ ಕಟ್ಟು. ಜೋಕರ್ ಎರಡು ಸೇರಿ 54 ಎಲೆ. 280ಕ್ಕೆ ಆರು ಕಟ್ಟು. ಕೊಳ್ಳುವ ಮುಂಚೆ ಅಗಲ ನೋಡಿ: ಕೆಲವು ಕಟ್ಟಿನ ಎಲೆ 57 ಮಿ.ಮೀ. ಮಾತ್ರ, ಕೆಲವು 63. ಎರಡೂ ನಡೆಯುತ್ತದೆ, ಆದರೆ ಎರಡನ್ನೂ ಬೆರೆಸಬೇಡಿ. ಕಲೆಸುವಾಗ ಬೆರಳಿಗೆ ಯಾವ ಕಾರ್ಡು ಯಾವುದೆಂದು ತಿಳಿದುಬಿಡುತ್ತದೆ. ಇನ್ನೊಂದು ಉಪಾಯ: ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುವ ನಕಲಿ ಪೋಕೆಮಾನ್ ಪ್ಯಾಕೆಟ್‌ಗಳು. ಆಡಲು ಬಾರವು, ಆದರೆ ಅಳತೆ ಸಾಮಾನ್ಯವಾಗಿ ಸರಿಯಿರುತ್ತದೆ. ಮನೆಯ ಮಕ್ಕಳು ಈಗಾಗಲೇ ಗುಡ್ಡೆ ಹಾಕಿದ್ದರೆ ಅವಕ್ಕೆ ಇದಕ್ಕಿಂತ ಒಳ್ಳೆಯ ಗತಿ ಇಲ್ಲ. (ಕೇಳದೆ ತೆಗೆದುಕೊಳ್ಳಬೇಡಿ. ಅದು ಬೇರೆಯೇ ಯುದ್ಧ.)

ಲ್ಯಾಂಡ್‌ಗೆ ಮುದ್ರಣವೇ ಬೇಡ. ಇಸ್ಪೀಟಿನ ಜಾತಿಯನ್ನೇ ಲ್ಯಾಂಡ್ ಮಾಡಿಕೊಳ್ಳಿ: ಆಟೀನು ಬೆಟ್ಟ (ಕೆಂಪಿಗೆ), ಕಳಾವರು ಕಾಡು (ಹಸಿರಿಗೆ), ಇಸ್ಪೀಟು ಕೆಸರು (ಕಪ್ಪಿಗೆ), ಡೈಮಂಡು ಬಯಲು (ಬಿಳಿಗೆ). ಎರಡು ಕಟ್ಟಿನಲ್ಲಿ ಜಾತಿಗೆ 26 ಇರುತ್ತವೆ, ತಲಾ 20 ತೆಗೆದರೆ 80. ಉಳಿಯುವುದು ಜೋಕರ್ ಸೇರಿ 28. ಅವುಗಳಲ್ಲಿ 20ರ ಮೇಲೆ ಮಾರ್ಕರ್‌ನಲ್ಲಿ ದಪ್ಪಕ್ಷರದಿಂದ ‘ನೀರು’ ಎಂದು ಬರೆದರೆ ಐದನೇ ಬಗೆ, ನೀಲಿಯದು, ಆಯಿತು. ಎಂಟು ಎಲೆ ಉಳಿತಾಯ.

ಇಲ್ಲಿ ಒಂದು ಮೋಸ ಅಡಗಿದೆ. 180 ಕಾರ್ಡುಗಳಲ್ಲಿ ಎಲೆಯ ಜೊತೆ ಕಾಗದವೂ ಇದೆ, ಲ್ಯಾಂಡಿನಲ್ಲಿ ಎಲೆ ಮಾತ್ರ. 17 ಲ್ಯಾಂಡ್ ಒಂದು ಡೆಕ್‌ಗೆ ಸೇರಿದಾಗ ಅವು ತೆಳ್ಳಗೆ ಸಿಗುತ್ತವೆ, ಕಟ್ ಮಾಡುವವರ ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದ್ದರಿಂದ ಲ್ಯಾಂಡ್ ಎಲೆಗಳ ಹಿಂದೆಯೂ ಅದೇ ಅಳತೆಯ ಖಾಲಿ ಕಾಗದ ಸೇರಿಸಿ. ಮುಂದೆ ಎಲೆ, ಹಿಂದೆ ಕಾಗದ. ಜಾತಿಯೂ ಕಾಣುತ್ತದೆ, ದಪ್ಪವೂ ಒಂದೇ. ಅಸಲಿ ಕಾರ್ಡು ಕೆಲವನ್ನು ಡಬ್ಬಿಗೆ ಸೇರಿಸುವಾಗಲೂ ಇದೇ ಎಚ್ಚರ: ಅದರ ದಪ್ಪ ಬೇರೆ. ಡಬ್ಬಿ ಪೂರ್ತಿ ಪ್ರಾಕ್ಸಿ ಇರಲಿ, ಇಲ್ಲ ಪೂರ್ತಿ ಅಸಲಿ ಇರಲಿ.

ಅಮ್ಮನನ್ನೋ ಅಜ್ಜಿಯನ್ನೋ ಆಟಕ್ಕೆ ಸೇರಿಸಿಕೊಳ್ಳುವ ಮನೆಗಳಲ್ಲಿ ಇಂಗ್ಲಿಷ್ ಅಕ್ಷರ ಬೇಡವೇ ಬೇಡ. ಕಾಗದದ ಮೇಲೆ ಕನ್ನಡದಲ್ಲೇ ಬರೆಯಿರಿ. ಲೈಟ್ನಿಂಗ್ ಬೋಲ್ಟ್‌ಗೆ ‘ಸಿಡಿಲು. ಬೆಲೆ: ಕೆಂಪು 1. ಯಾರಿಗಾದರೂ, ಯಾವ ಪ್ರಾಣಿಗಾದರೂ 3 ಪೆಟ್ಟು’. ಡೂಮ್ ಬ್ಲೇಡ್‌ಗೆ ‘ಬೆಲೆ: ಕಪ್ಪು 1, ಯಾವುದಾದರೂ 1. ಕಪ್ಪಲ್ಲದ ಒಂದು ಪ್ರಾಣಿ ಸಾಯುತ್ತದೆ’. ಕೈಬರಹದ 180 ಕಾರ್ಡಿಗೆ ಎರಡು ಭಾನುವಾರ ಹಿಡಿಯುತ್ತದೆ. ಬರೆದವರಿಗೆ ಡಬ್ಬಿ ಬಾಯಿಪಾಠ ಆಗುವುದು ಲಾಭ.

ಸ್ಲೀವ್

ಡಬ್ಬಿಯ ಖರ್ಚಿನಲ್ಲಿ ದೊಡ್ಡ ಪಾಲು ಸ್ಲೀವ್‌ನದ್ದೇ, ಇದರಲ್ಲಿ ಜಿಪುಣತನ ಬೇಡ. ಮ್ಯಾಜಿಕ್, ಪೋಕೆಮಾನ್‌ಗೆ 66 × 91 ಮಿ.ಮೀ. ಅಳತೆಯದು, ಯು-ಗಿ-ಓಗೆ 62 × 89ರದು. ಅದರ ಕಾರ್ಡೇ ಚಿಕ್ಕದು, 59 × 86. ಹಿಂಬದಿ ಪಾರದರ್ಶಕ ಇರಬಾರದು, ಒರಟು ಮ್ಯಾಟ್ ಇದ್ದರೆ ಕಲೆಸಲು ಸುಲಭ. ಎಲ್ಲವೂ ಒಂದೇ ಬಣ್ಣ, ಒಂದೇ ಬ್ಯಾಚ್: 280 ಕಾರ್ಡಿಗೆ 300 ಸ್ಲೀವ್ ಒಟ್ಟಿಗೆ ಕೊಳ್ಳಿ. ಹರಿದಾಗ ಹಾಕಲು 20 ಉಳಿಯುತ್ತವೆ. ಆರು ತಿಂಗಳು ಬಿಟ್ಟು ಅದೇ ಹೆಸರಿನದು ತಂದರೂ ಬಣ್ಣ ಚೂರು ವ್ಯತ್ಯಾಸ ಬರಬಹುದು, ಆಗ ಹೊಸ ಸ್ಲೀವ್ ಹಾಕಿದ ಕಾರ್ಡೇ ಗುರುತಿನ ಕಾರ್ಡು. ತೀರಾ ತೆಳ್ಳಗಿನ ಪಾರದರ್ಶಕ ಸ್ಲೀವ್ ಆಲ್ಬಮ್ಮಿಗೆ ಸರಿ. ಕಲೆಸಲು ಹೋದರೆ ಒಂದಕ್ಕೊಂದು ಹೀರಿಕೊಂಡು ಅಂಟುತ್ತವೆ, ಮೂಲೆ ಸೀಳುತ್ತವೆ.

ಹಂಚಿ ಆಡುವ ಬಗೆ

ನಾಲ್ಕು ಜನ ಇದ್ದರೆ: ಲ್ಯಾಂಡ್ ಪಕ್ಕಕ್ಕಿಟ್ಟು 180ನ್ನು ಚೆನ್ನಾಗಿ ಕಲೆಸಿ, 15ರ 12 ಕಟ್ಟು ಮಾಡಿ, ತಲಾ ಮೂರು ಕೊಡಿ. ಎಲ್ಲರೂ ಮೊದಲ ಕಟ್ಟು ತೆಗೆದು ಒಂದು ಕಾರ್ಡು ಆರಿಸಿ ಮುಚ್ಚಿಟ್ಟುಕೊಂಡು ಮಿಕ್ಕ 14ನ್ನು ಎಡಗಡೆಯವರಿಗೆ ಕೊಡುತ್ತಾರೆ. ಹೀಗೇ ಕಟ್ಟು ಖಾಲಿಯಾಗುವ ತನಕ. ಎರಡನೇ ಕಟ್ಟು ಬಲಕ್ಕೆ, ಮೂರನೆಯದು ಮತ್ತೆ ಎಡಕ್ಕೆ. ಕೊನೆಗೆ ಕೈಯಲ್ಲಿ 45; ಅದರಲ್ಲಿ ಒಳ್ಳೆಯ 23 ಆರಿಸಿ, 17 ಲ್ಯಾಂಡ್ ಸೇರಿಸಿ 40ರ ಡೆಕ್ (60ರ ಮಿತಿ ಮೊದಲೇ ಕಟ್ಟಿ ತರುವ ಡೆಕ್‌ಗೆ; ಹೀಗೆ ಹಂಚಿ ಆರಿಸುವಾಗ 40 ಸಾಕು). ಬಣ್ಣ ಎರಡೇ ಇರಲಿ. ಹೊಸಬರು ಮೂರು–ನಾಲ್ಕು ಬಣ್ಣ ಸೇರಿಸುತ್ತಾರೆ, ಆಮೇಲೆ ಕೈಯಲ್ಲಿ ಕಾಡಿದೆ, ಬೇಕಾದದ್ದು ಬೆಟ್ಟ ಅನ್ನುವ ಗೋಳು. ಬೆಲೆ ಕಡಿಮೆಯ ಕಾರ್ಡೇ ಹೆಚ್ಚಿದ್ದರೆ 16 ಲ್ಯಾಂಡ್ ಸಾಕು. 15ಕ್ಕೆ ಇಳಿಯಬೇಡಿ.

ಮಲೆನಾಡಿನಲ್ಲಿ ನಾಲ್ಕು ಜನ ಒಟ್ಟಾಗುವುದೇ ಒಂದು ಹಬ್ಬ. ಹೊಳೆ ತುಂಬಿ, ಬಸ್ಸು ನಿಂತು, ಇಬ್ಬರೇ ಉಳಿದ ದಿನಕ್ಕೆ ‘ವಿನ್‌ಸ್ಟನ್ ಡ್ರಾಫ್ಟ್’ ಇದೆ. ಇದೂ ಗಾರ್ಫೀಲ್ಡ್ ಅವರದೇ ಯೋಚನೆ. 180ರಿಂದ 90 ಕಾರ್ಡು ತೆಗೆದು ಮುಚ್ಚಿದ ರಾಶಿ ಮಾಡಿ. ಪಕ್ಕದಲ್ಲಿ ಒಂದೊಂದೇ ಕಾರ್ಡಿನ ಮೂರು ಗುಂಪು, ಅವೂ ಮುಚ್ಚಿರಲಿ. ನಿಮ್ಮ ಸರದಿಯಲ್ಲಿ ಮೊದಲ ಗುಂಪನ್ನು ನೀವು ಮಾತ್ರ ನೋಡುತ್ತೀರಿ. ಬೇಕಾದರೆ ಪೂರ್ತಿ ತೆಗೆದುಕೊಳ್ಳಿ. ಆ ಜಾಗಕ್ಕೆ ರಾಶಿಯಿಂದ ಹೊಸದೊಂದು ಬರುತ್ತದೆ, ಸರದಿ ಮುಗಿಯಿತು. ಬೇಡವಾದರೆ ನೋಡಿದ್ದನ್ನು ಮತ್ತೆ ಮುಚ್ಚಿ, ಅದರ ಮೇಲೆ ರಾಶಿಯಿಂದ ಇನ್ನೊಂದು ಸೇರಿಸಿ ಎರಡನೇ ಗುಂಪಿಗೆ ಹೋಗಿ. ಹಾಗೇ ಮೂರನೆಯದಕ್ಕೆ. ಮೂರೂ ಬೇಡವೆಂದರೆ ರಾಶಿಯ ಮೇಲಿನ ಕಾರ್ಡು ಕಣ್ಣು ಮುಚ್ಚಿ ತೆಗೆದುಕೊಳ್ಳಬೇಕು, ಏನು ಬಂದರೂ ನಿಮ್ಮದೇ. ರುಚಿ ಇರುವುದು ಇಲ್ಲಿ: ನೀವು ಬಿಟ್ಟ ಗುಂಪು ಬೆಳೆಯುತ್ತಾ ಹೋಗುತ್ತದೆ, ಎದುರಿನವರು ಅದನ್ನು ನೋಡಿಯೂ ಬಿಟ್ಟರು ಅಂದರೆ ಅದರಲ್ಲಿ ಅವರ ಬಣ್ಣ ಇಲ್ಲ ಅಂತ ಅರ್ಥ. ಎಷ್ಟೋ ಸಲ ಆಟಕ್ಕಿಂತ ಈ ಆಯ್ಕೆಯೇ ಹೆಚ್ಚು ಬಿಸಿ. ಒಳ್ಳೆಯ ಕಾರ್ಡಿಗೆ ಕಾದು ಕಾದು ಕಡಿಮೆ ಕಾರ್ಡು ಉಳಿಸಿಕೊಂಡರೆ ಡೆಕ್ ಕಟ್ಟಲು 23 ಒಗ್ಗುವಂಥವು ಸಿಗುವುದಿಲ್ಲ, ಅದನ್ನು ನೋಡಿಕೊಳ್ಳಿ.

ಮನೆಯ ನಿಯಮಗಳು ಕೆಲವು ಮೊದಲೇ ಆಗಲಿ. ಮೊದಲ ಏಳು ಕಾರ್ಡಿನಲ್ಲಿ ಲ್ಯಾಂಡ್ ಒಂದೂ ಇಲ್ಲ ಅಥವಾ ಎಲ್ಲವೂ ಲ್ಯಾಂಡೇ ಆದರೆ ಒಂದು ಸಲ ಪುಕ್ಕಟೆ ಬದಲಾಯಿಸಬಹುದು. ಆಮೇಲಿನದಕ್ಕೆ ಅಧಿಕೃತ ನಿಯಮ: ಮತ್ತೆ ಏಳು ತೆಗೆದು, ಬದಲಾಯಿಸಿದ ಸಲಕ್ಕೆ ಒಂದರಂತೆ ಕಾರ್ಡು ಡೆಕ್ ತಳಕ್ಕೆ. ಸೋತವರು ಬೇಕಿದ್ದರೆ ಗೆದ್ದವರ ಡೆಕ್ ಕೇಳಿ ಮುಂದಿನ ಆಟ ಆಡಬಹುದು. ಡೆಕ್ ಬಲವೋ ಆಟಗಾರರ ಕೈಚಳಕವೋ ಅನ್ನುವ ವಾದಕ್ಕೆ ಇದಕ್ಕಿಂತ ಬೇಗ ಉತ್ತರ ಸಿಗುವುದಿಲ್ಲ. ದುಡ್ಡಾಗಲಿ ಕಾರ್ಡಾಗಲಿ ಪಣ ಇಡಬೇಡಿ. ಮ್ಯಾಜಿಕ್‌ನ ಶುರುವಿನ ನಿಯಮದಲ್ಲಿ ಕಾರ್ಡು ಪಣವಿಡುವುದಿತ್ತು, ಅವರೇ ಅದನ್ನು ಕೈಬಿಟ್ಟರು. ಅದಲ್ಲದೆ ನಮ್ಮ ಕಡೆ ಹಾಸಿಗೆಯ ಮೇಲೆ ಎಲೆ ಕಂಡರೆ ಹಿರಿಯರ ಮೊದಲ ಮಾತೇ ‘ಏನ್ರೋ, ಇಸ್ಪೀಟಾ?’ ಅಂತ. ಅಂದರ್–ಬಾಹರ್ ಹೆಸರು ಕೆಡಿಸಿಟ್ಟ ಊರಿನಲ್ಲಿ ಈ ಅನುಮಾನ ಸಹಜ. ಬಾಗಿಲು ತೆಗೆದಿಟ್ಟು ಜಗಲಿಯಲ್ಲಿ ಆಡಿ, ಒಂದು ಸುತ್ತು ಅವರಿಗೂ ಎಲೆ ಹಂಚಿ.

ಪಕ್ಕದ ಸಾಮಾನು ಎಲ್ಲ ಮನೆಯಲ್ಲೇ ಇದೆ. ಪೆಟ್ಟು ಬಿದ್ದಂತೆ ಇಳಿಯುವ ಪ್ರಾಣದ ಲೆಕ್ಕಕ್ಕೆ ಕಾಗದ–ಪೆನ್ನು. ಫೋನ್ ಆ್ಯಪ್ ಬೇಡ, ಕರೆಂಟ್ ಹೋದ ದಿನ ಚಾರ್ಜ್ ಉಳಿಸಿಕೊಳ್ಳಿ. ಕಾರ್ಡಿನ ಮೇಲೆ ಗುರುತಿಗೆ ಇಡುವ ಕೌಂಟರ್‌ಗೆ ಹುಣಸೆಬೀಜ. ಗುಲಗಂಜಿ ನೋಡಲು ಚೆಂದ, ಆದರೆ ವಿಷದ ಬೀಜ, ಮಕ್ಕಳಿರುವ ಕಡೆ ಬೇಡ. ಗಾರೆ ನೆಲದ ಮೇಲೆ ನೇರ ಇಟ್ಟರೆ ಕಾರ್ಡು ಎತ್ತಲು ಉಗುರು ಹಾಕಬೇಕು, ಸ್ಲೀವ್ ಅಂಚು ಸವೆಯುತ್ತದೆ; ಬೆಡ್‌ಶೀಟ್ ನಾಲ್ಕು ಮಡಿಕೆ ಮಾಡಿ ಹಾಸಿ. ಕಲೆಸುವಾಗ ಎಣಿಸಿ ಎಣಿಸಿ ಗುಂಪು ಹಾಕುವುದು ಕಲೆಸಿದಂತಲ್ಲ, ಅದು ಜಾಗ ಬದಲಾಯಿಸಿದಂತೆ ಮಾತ್ರ. ಡೆಕ್ ಎರಡು ಭಾಗ ಮಾಡಿ ಒಂದರ ಅಂಚನ್ನು ಇನ್ನೊಂದರೊಳಗೆ ನೂಕಿ ಸೇರಿಸುವುದನ್ನು ಏಳೆಂಟು ಸಲ ಮಾಡಿ, ಎದುರಿನವರ ಕೈಗೆ ಕಟ್ ಮಾಡಲು ಕೊಡಿ.

ಸ್ವಂತ ಡೆಕ್ ಬೇಕೇ ಬೇಕು ಅನ್ನುವವರಿಗೆ

ಪಾಪರ್‌ನ ಕೆಂಪು ಡೆಕ್ ಒಂದು ಅಗ್ಗ, ಬಲವಾದದ್ದು, ಕಲಿಯಲು ಸುಲಭ. ಲೈಟ್ನಿಂಗ್ ಬೋಲ್ಟ್, ಚೈನ್ ಲೈಟ್ನಿಂಗ್, ಲಾವಾ ಸ್ಪೈಕ್, ರಿಫ್ಟ್ ಬೋಲ್ಟ್, ಸ್ಕ್ಯೂಅರ್ ದ ಕ್ರಿಟಿಕ್ಸ್, ಫೈರ್‌ಬ್ಲಾಸ್ಟ್ ತಲಾ 4, ಥರ್ಮೋ-ಆಲ್ಕೆಮಿಸ್ಟ್, ಫೈರ್‌ಬ್ರ್ಯಾಂಡ್ ಆರ್ಚರ್, ಘಿಟು ಲಾವಾರನ್ನರ್, ಕೆಲ್ಡನ್ ಮರಾಡರ್ಸ್ ತಲಾ 4, ಸಿಯರಿಂಗ್ ಬ್ಲೇಜ್ 2, ಮೌಂಟನ್ (ಬೆಟ್ಟದ ಬೇಸಿಕ್ ಲ್ಯಾಂಡ್) 18. ಒಟ್ಟು 60. ಎದುರಾಳಿಯ ಪ್ರಾಣ 20, ನಿಮ್ಮ ಬಹುತೇಕ ಕಾರ್ಡಿನ ಪೆಟ್ಟು 3. ಏಳು ಕಾರ್ಡು ತಾಗಿದರೆ ಮುಗಿಯಿತು. 60ರಲ್ಲಿ 18 ಲ್ಯಾಂಡ್ ಇದ್ದರೆ ಮೊದಲ ಏಳರಲ್ಲಿ ಸರಾಸರಿ ಎರಡು ಬರುತ್ತವೆ, ಈ ಡೆಕ್‌ಗೆ ಎರಡೇ ಸಾಕು.

ತಪ್ಪುವುದು ಕ್ರಮದಲ್ಲಿ. ಸ್ಕ್ಯೂಅರ್‌ನ ಬೆಲೆ ಮೂರು ಮಾನಾ, ಆದರೆ ಅದೇ ಸುತ್ತಿನಲ್ಲಿ ಎದುರಾಳಿಗೆ ಆಗಲೇ ಪೆಟ್ಟು ಬಿದ್ದಿದ್ದರೆ ಒಂದೇ. ಆದ್ದರಿಂದ ಅದು ಯಾವಾಗಲೂ ಎರಡನೇ ಕಾರ್ಡು. ರಿಫ್ಟ್ ಬೋಲ್ಟ್ ಒಂದು ಮಾನಾಕ್ಕೆ ಇಟ್ಟರೆ ಮುಂದಿನ ಸುತ್ತಿನಲ್ಲಿ ಸಿಡಿಯುತ್ತದೆ. ಅದೇ ಆ ಸುತ್ತಿನ ಸ್ಕ್ಯೂಅರ್‌ಗೆ ದಾರಿ ಮಾಡಿಕೊಡುತ್ತದೆ. ಫೈರ್‌ಬ್ಲಾಸ್ಟ್ ಎರಡು ಮೌಂಟನ್ ಬಲಿ ಕೊಟ್ಟು 4 ಪೆಟ್ಟು ಕೊಡುತ್ತದೆ. ಎದುರಾಳಿಯ ಪ್ರಾಣ 4ಕ್ಕೆ ಇಳಿಯುವ ಮುಂಚೆ ಇದನ್ನು ಮುಟ್ಟಿದರೆ ಕೈಯಲ್ಲಿ ಕಾರ್ಡು, ನೆಲದಲ್ಲಿ ಲ್ಯಾಂಡಿಲ್ಲ.

ಅಸಲಿ ಬಿಡಿ ಕಾರ್ಡು ಕೊಳ್ಳುವವರು ಭಾರತದೊಳಗಿನ ಮಾರಾಟಗಾರರಿಂದಲೇ ತರಿಸಿ. ಹೊರದೇಶದಿಂದ ಬಂದರೆ ಅಂಚೆ ಖರ್ಚು, ಸುಂಕ ಸೇರಿ ಕಾರ್ಡಿನ ಬೆಲೆಯನ್ನೇ ನುಂಗುತ್ತದೆ. ನಾಲ್ಕು ಜನದ ಪಟ್ಟಿ ಒಂದೇ ಆರ್ಡರ್‌ಗೆ ಹಾಕಿದರೆ ಸಾಗಣೆ ಖರ್ಚು ಒಂದೇ ಸಲ. ಖಾಸಗಿ ಕೊರಿಯರ್ ಬಾರದ ಹಳ್ಳಿಗೂ ಅಂಚೆ ಬರುತ್ತದೆ, ಸ್ಪೀಡ್ ಪೋಸ್ಟ್ ಕೇಳಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ತರಿಸುವುದಾದರೆ ಜಿಪ್ ಕವರ್‌ನೊಳಗೆ ಹಾಕಿ ಕಳಿಸಲು ಮೊದಲೇ ಬರೆಯಿರಿ. ಬೆಂಗಳೂರಿಗೆ ರೈಲು ಹತ್ತುವವರು ಯಾರಾದರೂ ಇದ್ದರೆ ಎಲ್ಲರ ಪಟ್ಟಿ ಅವರ ಜೇಬಿಗೆ.

ಪೋಕೆಮಾನ್: ಮಕ್ಕಳ ಕಡೆಗೆ

ಚಿನ್ನದ ಬಣ್ಣದ, ಪ್ಲಾಸ್ಟಿಕ್‌ನಂಥ ಕಾರ್ಡಿನ ಪೆಟ್ಟಿಗೆ ಆಟಿಕೆ ಅಂಗಡಿಯಲ್ಲೂ ಜಾತ್ರೆಯಲ್ಲೂ ಸಿಗುತ್ತದೆ. ಅದು ನಕಲಿ. ಹಿಂಬದಿಯ ‘Pokémon’ ಹೆಸರಿನಲ್ಲಿ ‘é’ ಮೇಲಿನ ಗೀಟು ಇಲ್ಲದಿರುವುದು, ನೀಲಿ ಬಣ್ಣ ಮಂಕಾಗಿರುವುದು, ಅಕ್ಷರ ತಪ್ಪು, ಮೊಬೈಲ್ ಟಾರ್ಚ್ ಹಿಂದೆ ಹಿಡಿದರೆ ಬೆಳಕು ಧಾರಾಳ ತೂರಿ ಬರುವುದು, ಇವೆಲ್ಲ ಗುರುತು. ಅಸಲಿಯ ಒಳಪದರ ಕಪ್ಪು, ಬೆಳಕು ಸುಲಭಕ್ಕೆ ಬಿಡುವುದಿಲ್ಲ.

ಆಡಿಸಬೇಕೆಂದರೆ ‘ಬ್ಯಾಟಲ್ ಅಕಾಡೆಮಿ’ ಪೆಟ್ಟಿಗೆ ನೋಡಿ: ಅದರಲ್ಲಿ 60ರ ಮೂರು ಸಿದ್ಧ ಡೆಕ್ ಬರುತ್ತವೆ, ಅಣ್ಣ–ತಂಗಿ ಜೊತೆಗೆ ಪಕ್ಕದ ಮನೆಯವರೊಬ್ಬರು. ಸ್ವಂತ ಕಟ್ಟುವುದಾದರೆ ಸರಿಯಾಗಿ 60, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಬೇಸಿಕ್ ಎನರ್ಜಿ (ಪೋಕೆಮಾನ್ ಹೊಡೆಯಲು ಬೇಕಾದ ಶಕ್ತಿಯ ಕಾರ್ಡು) ಬಿಟ್ಟು ಒಂದು ಹೆಸರಿನದು ನಾಲ್ಕು. ಮಕ್ಕಳು 30 ಪೋಕೆಮಾನ್, 25 ಎನರ್ಜಿ, 5 ಟ್ರೇನರ್ (ಹೊಸ ಕಾರ್ಡು ಎತ್ತಲು, ಹುಡುಕಲು ನೆರವಾಗುವ ಕಾರ್ಡು) ಹಾಕುತ್ತಾರೆ. ಕೈ ಖಾಲಿಯಾದ ಮೇಲೆ ಪ್ರತಿ ಸುತ್ತಿನಲ್ಲೂ ಒಂದೊಂದೇ ಕಾರ್ಡು ತೆಗೆದು ಕೂರುತ್ತಾರೆ. ಪೋಕೆಮಾನ್ 15ರಿಂದ 20, ಎನರ್ಜಿ 8ರಿಂದ 14, ಮಿಕ್ಕದ್ದೆಲ್ಲ ಟ್ರೇನರ್. ಪ್ರೊಫೆಸರ್ಸ್ ರಿಸರ್ಚ್ ನಾಲ್ಕು ಇರಲೇಬೇಕು: ಕೈಯಲ್ಲಿದ್ದದ್ದು ಬಿಸಾಡಿ ಹೊಸ ಏಳು. ಹೊತ್ತು ಕಡಿಮೆ ಇದ್ದರೆ 30ರ ಡೆಕ್, ಆರರ ಬದಲು ಮೂರು ಪ್ರೈಜ್ ಕಾರ್ಡು (ಎದುರಿನ ಪೋಕೆಮಾನ್ ಸೋಲಿಸಿದಾಗ ಎತ್ತಿಕೊಳ್ಳುವಂಥವು) ಇಟ್ಟು ಆಡಬಹುದು. ಕಾರ್ಡು ಹಳೆಯದು, ಹೊಸದು ಅನ್ನುವ ರೊಟೇಷನ್ ನಿಯಮ ಪಂದ್ಯಕ್ಕೆ ಮಾತ್ರ, ಜಗಲಿಗೆ ಅಲ್ಲ.

ಮಳೆಗಾಲ

ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಸಾಗರದ ಮನೆಗಳಲ್ಲಿ ಪುಸ್ತಕದ ಕಪಾಟೇ ಬೂಷ್ಟು ಹಿಡಿಯುವಾಗ ಕಾರ್ಡು ಬಿಡುತ್ತದೆಯೇ? ಮೊದಲು ಬಲಿಯಾಗುವುದು ಹೊಳೆಯುವ ಫಾಯಿಲ್ ಕಾರ್ಡು. ಅದರ ಮುಖದ ಪದರ ನೀರು ಹೀರುವುದಿಲ್ಲ, ಹಿಂದಿನ ಕಾಗದ ಹೀರಿ ಹಿಗ್ಗುತ್ತದೆ. ಅದಕ್ಕೆ ಕಾರ್ಡು ಮುಖದ ಕಡೆಗೆ ದೋಣಿಯಂತೆ ಬಾಗುತ್ತದೆ. ಡೆಕ್ ಒಳಗೆ ಅದು ಎದ್ದು ಕಾಣುವ ಗುರುತು. ಒಂದೇ ಬೆಲೆಗೆ ಫಾಯಿಲ್, ಸಾದಾ ಎರಡೂ ಸಿಕ್ಕರೆ ಸಾದಾ ತೆಗೆದುಕೊಳ್ಳಿ.

ಡಬ್ಬಿ ಅಂದರೆ ನಿಜವಾಗಿಯೂ ಡಬ್ಬಿ: ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಅಥವಾ ಸ್ಟೀಲ್. ರಟ್ಟಿನ ಪೆಟ್ಟಿಗೆ ತೇವ ಹೀರಿಕೊಂಡು ಒಳಗಿಡುತ್ತದೆ, ಗೆದ್ದಲಿಗೂ ಊಟ. ಒಳಗೆ ಸಿಲಿಕಾ ಜೆಲ್ ಹಾಕಿ. ಚಪ್ಪಲಿ ಪೆಟ್ಟಿಗೆ, ಮಾತ್ರೆ ಬಾಟಲಿಯಲ್ಲಿ ಬರುವ ಪೊಟ್ಟಣಗಳು ನಾಲ್ಕೈದು ಸಾಕು. ಅವು ಒಂದು ಸಲ ನೀರು ಹೀರಿದ ಮೇಲೆ ಕೆಲಸ ನಿಲ್ಲಿಸುತ್ತವೆ. ಬಣ್ಣ ಬದಲಾಗುವ ಬಗೆಯಾದರೆ ನೀಲಿ ಗುಲಾಬಿಯಾದಾಗ, ಕಿತ್ತಳೆ ಹಸಿರಾದಾಗ ಕಾಳನ್ನು ಹಳೆಯ ಕಾವಲಿಯಲ್ಲಿ ಸಣ್ಣ ಉರಿಗೆ ಹುರಿದು, ಬಣ್ಣ ವಾಪಸ್ ಬಂದ ಮೇಲೆ ತಣಿಸಿ ಬಟ್ಟೆಗಂಟಿನಲ್ಲಿ ಕಟ್ಟಿಡಿ. ಆ ಕಾವಲಿ ಮತ್ತೆ ದೋಸೆಗೆ ಬೇಡ. ನುಸಿಗುಳಿಗೆ ಹಾಕಬೇಡಿ, ವಾಸನೆ ಹೋಗುವುದಿಲ್ಲ, ಕೆಲವು ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಅಡಿಕೆ ಒಣಗಿಸುವ ಅಟ್ಟ ಬೆಚ್ಚಗಿದೆಯೆಂದು ಅಲ್ಲಿ ಇಡುವುದೂ ಬೇಡ, ಹೊಗೆ ಸ್ಲೀವ್‌ಗೆ ಜಿಡ್ಡು ಹಿಡಿಸುತ್ತದೆ.

ಬಜ್ಜಿ–ಕಾಫಿ ಆಟದ ಮಧ್ಯೆ ಬಂದರೆ ಕಾರ್ಡು ಬದಿಗಿಡಿ, ಕೈ ಒರೆಸಿದ ಮೇಲೆ ಮುಂದುವರಿಸಿ. ಅಂಟಿಕೊಳ್ಳಲು ಶುರುವಾದ ಸ್ಲೀವ್‌ಗಳನ್ನು ಒಣ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು, ಪೌಡರ್ ಹಚ್ಚಬೇಡಿ. ಆಟ ಮುಗಿದ ಮೇಲೆ ಡೆಕ್‌ಗಳನ್ನು ಒಡೆದು ಲ್ಯಾಂಡ್ ಬೇರೆ, ಬಣ್ಣ ಬೇರೆ ಮಾಡಿ ಎಣಿಸಿ: 180, 100. ಒಂದು ಕಡಿಮೆ ಬಂದರೆ ಬೆಡ್‌ಶೀಟ್ ಕೊಡವಿ ನೋಡಿ, ಬಹುಪಾಲು ಅದರ ಮಡಿಕೆಯಲ್ಲೇ ಇರುತ್ತದೆ.